ಸವೆತ ನೋಡಿ

ನಾನು ಪುಸ್ತಕ ಓದುವವಳಲ್ಲ, ಹೊಲಿಯುವವಳು.
ಕಾನ್ವೆಂಟಿನ ಪ್ರೆಸ್ಸಿನಲ್ಲಿ ಹದಿನಾರು ವರ್ಷ
ಕೀರ್ತನೆ ಪುಸ್ತಕಗಳ ಬೆನ್ನು ಕಟ್ಟಿದ ಸೂಜಿಯಲ್ಲೇ
ಈಗ ಮಿಲಾಗ್ರಿಸ್ ಹಿಂಬದಿಯ ಇಳಿಜಾರಿನಲ್ಲಿ ಕೂತು
ಗಟ್ಟಿಯವರ ಬಾಡಿಗೆ ಲೈಬ್ರರಿಯ ಕೊಲೆಗಳನ್ನು ಕಟ್ಟುತ್ತೇನೆ.
ಒಂದಕ್ಕೆ ನಲವತ್ತು ರೂಪಾಯಿ. ರಟ್ಟು ಅವರದ್ದು.

ಹಾಗಾಗಿ ಯಾವ ಕತೆ ಹೇಗೆ ಎಂದು ಕೇಳಿದರೆ
ಸವೆತ ನೋಡಿ ಹೇಳುತ್ತೇನೆ.

ಪತ್ತೇದಾರಿಯದ್ದು ಕೊನೆಯ ಫಾರ್ಮು ಮೊದಲು ಕಳಚುವುದು.
ತಾಳ್ಮೆಯಿಲ್ಲದ ಜನ. ಬಸ್ಸು ಪಡೀಲ್ ದಾಟುವ ಮೊದಲೇ
ಕೊಂದದ್ದು ಯಾರೆಂದು ಇಣುಕಿ ನೋಡಿ
ಏನೂ ಗೊತ್ತಿಲ್ಲದವರ ಹಾಗೆ ಹನ್ನೆರಡನೇ ಪುಟಕ್ಕೆ ವಾಪಸು ಬರುತ್ತಾರೆ.
ಒಬ್ಬ ಪುಣ್ಯಾತ್ಮನಂತೂ ಹೆಸರು ಮೊದಲು ಬಂದಲ್ಲೇ
ಪೆನ್ಸಿಲಿನಲ್ಲಿ ಗೆರೆ ಎಳೆದು
‘ಇವನೇ’ ಎಂದು ಬರೆದಿಡುತ್ತಾನೆ.
ಮೂವತ್ತೆಂಟು ಪುಸ್ತಕದಲ್ಲಿ ಅದೇ ಕೈಬರಹ.
ಅಳಿಸುವುದೂ ನನ್ನ ಕೆಲಸವೇ. ಅಳಿಸುತ್ತೇನೆ.
ಎರಡು ಸಲ ಅವನು ತಪ್ಪು ಮನುಷ್ಯನನ್ನು ಹಿಡಿದದ್ದುಂಟು,
ಅದನ್ನು ಮಾತ್ರ ಹಾಗೇ ಬಿಟ್ಟಿದ್ದೇನೆ.

ಸಾಹಸದ್ದು ಬೇರೆ: ನಡುವಿನಲ್ಲಿ ಸಡಿಲ.
ಹಡಗು ಒಡೆಯುವ ಜಾಗ, ಗುಹೆ, ನಕ್ಷೆ ಸಿಗುವ ಪುಟ,
ಅಲ್ಲಿ ಸಾರಿನ ಕಲೆ, ಬಂಗುಡೆಯದ್ದೊಂದು ಮುಳ್ಳು,
ಯಾರದ್ದೋ ಬಸ್ ಟಿಕೇಟು, ಸುರತ್ಕಲ್‌ನಿಂದ ಮೂಲ್ಕಿಗೆ.
ನಿಧಿ ಸಿಕ್ಕಿದ ಮೇಲಿನ ಪುಟಗಳು ಹೊಸತರ ಹಾಗೆ ಗರಿಗರಿ.
ಸಿಕ್ಕಿದ ದುಡ್ಡು ಎಂತ ಮಾಡಿದ ಎಂದು
ಯಾರಿಗೂ ಬೇಡ ಅಂತ ಕಾಣುತ್ತದೆ.

ವಿಷದ ಕತೆಗಳ ಮೇಲೆ ನನ್ನದೊಂದು ತಕರಾರು ಉಂಟು.
ಎಲ್ಲ ವಿಲಾಯತಿ ಸೀಸೆ, ಉಂಗುರದೊಳಗಿನ ಪುಡಿ.
ಇಲ್ಲಿ ನನ್ನ ಅಂಟಿನ ಪಾತ್ರೆಯಲ್ಲಿ
ಮೈದಾದೊಟ್ಟಿಗೆ ಒಂದು ಚಿಟಿಕೆ ಮೈಲುತುತ್ತು ಬೇಯುತ್ತದೆ,
ಜಿರಲೆ ಬಾರದಿರಲಿ ಎಂದು. ನೀಲಿ. ನೋಡಲಿಕ್ಕೆ ಚಂದ.
ಬೆರಳು ಎಂಜಲು ಮಾಡಿ ಪುಟ ತಿರುಗಿಸುವವರ ಊರು ಇದು.
ಗಟ್ಟಿಯವರ ಕಪಾಟಿನ ಒಬ್ಬ ಪತ್ತೇದಾರನೂ
ಬೈಂಡರ್ ಬಾಯಿಯ ಕಡೆ ತಿರುಗಿ ನೋಡಲಿಲ್ಲ.

ಪಕ್ಕದ ಗೇಮಿನ ಅಂಗಡಿ ನೌಫಲನದ್ದು, ಗಂಟೆಗೆ ಮೂವತ್ತು.
ನೂಲಿಲ್ಲ, ಬೆನ್ನಿಲ್ಲ, ಅದರಲ್ಲಿ ಎಂತ ಉಂಟು
ಎಂದು ಒಂದು ಸಂಜೆ ನೋಡಲಿಕ್ಕೆ ಹೋದೆ.
ತೊಗಲಿನ ಟೊಪ್ಪಿಯವನೊಬ್ಬ ಕಾಡಿನಲ್ಲಿ ಓಡುತ್ತಾನೆ,
ಸೊಳ್ಳೆ ಇಲ್ಲ. ಕಂಡವರ ಮನೆಗೆ ನುಗ್ಗಿ ಮಡಕೆ ಒಡೆದು
ಚಿಲ್ಲರೆ ಹೆಕ್ಕುತ್ತಾನೆ; ಮನೆಯವಳು ಸುಮ್ಮನೆ ನಿಂತು
ದಕ್ಷಿಣದ ಸೇತುವೆಗೆ ದಾರಿ ಹೇಳುತ್ತಾಳೆ.
ನನ್ನ ಅತ್ತೆ ಆಗಿದ್ದರೆ ಹಿಡಿಸೂಡಿ ತೆಗೆದುಕೊಳ್ಳುತ್ತಿದ್ದಳು.
ಸೇತುವೆಯಲ್ಲಿ ರಾಕ್ಷಸ ತುಳಿದ, ಇವ ಸತ್ತ.
ನಾನು ಶಿಲುಬೆಯ ಗುರುತು ಮಾಡಿಕೊಳ್ಳುವಷ್ಟರಲ್ಲಿ
ಎದ್ದು ಮೈ ಕೊಡವಿ ನಿಂತ.
ಇದೆಂತ ಸಾವು ಮಾರಾಯ, ಎಂದೆ.
ನೌಫಲ ನಗಲಿಲ್ಲ.
‘ಹನ್ನೊಂದು ದಿವಸದಿಂದ ಇದೇ ಸೇತುವೆ ಬಾಯಿ,
ದಾಟಲಿಕ್ಕೆ ಆಗುವುದಿಲ್ಲ.’

ಆಗ ಕೀಬೋರ್ಡು ಕಣ್ಣಿಗೆ ಬಿತ್ತು.
ನೂರು ಚಿಲ್ಲರೆ ಗುಂಡಿಯಲ್ಲಿ ನಾಲ್ಕೇ ನಾಲ್ಕು ಬೋಳು,
ಅಕ್ಷರ ಹೋಗಿ ಹುಣಸೆಬೀಜದ ಹಾಗೆ ಮಿರಮಿರ.
ನಾನು ಬಾಯಿ ಮುಚ್ಚಿದೆ.

ಮರುದಿನ ಅದನ್ನು ಹೊತ್ತು ತಂದ, ಅಂಟು ಉಂಟಾ ಎಂದು.
ಹೊಸ ಹುಡುಗರಿಗೆ ಗುಂಡಿ ಗೊತ್ತಾಗುವುದಿಲ್ಲವಂತೆ.
ಇಂಗ್ಲಿಷ್ ಅಕ್ಷರ ನನ್ನಲ್ಲಿ ಎಲ್ಲಿಂದ?
ಹುಳು ತಿಂದ ಒಂದು ಪತ್ತೇದಾರಿಯಿಂದ
ಮುಂ, ಹಿಂ, ಎ, ಬ ಹುಡುಕಿ ಕತ್ತರಿಸಿ
ನಾಲ್ಕಕ್ಕೂ ಹಚ್ಚಿ, ಮೇಲೆ ದಪ್ಪದ ಬೈಬಲ್ ಇಟ್ಟೆ.
ತುತ್ತು ಹಾಕಿದ ಅಂಟು, ಬೆರಳು ಬಾಯಿಗಿಡಬೇಡ ಎಂದೂ ಹೇಳಿದೆ.

ಎರಡು ದಿನ ಸದ್ದಿಲ್ಲ.
ಶನಿವಾರ ಗೋಡೆಯಾಚೆಯಿಂದ ಕಿರುಚಿದ:
‘ಬಾಯೀ, ಎಡದ್ದು ಗುಂಡಿಯೇ ಕಿತ್ತು ಬಂತು!
ಅರ್ಧ ಸೇತುವೆ ದಾಟಿದ್ದೇನೆ, ಬೇಗ!’

ಅಂಟಿನ ಬ್ರಶ್ ಹಿಡಿದು
ಚಪ್ಪಲಿ ಹಾಕದೆ ಓಡಿದೆ.